ಅಜ್ಜನ ಧೋತರದ ಅಂಗಿ

ಹಳೆಯ ಬಟ್ಟೆ ಕಂಡರೆ ಇಂದೂಬಾಯಿಯ ಕೈ ಸುಮ್ಮನಿರುತ್ತಿರಲಿಲ್ಲ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದಂದಿನಿಂದ ಗಂಡನ ಪ್ಯಾಂಟುಗಳು ಸಂತೆಚೀಲಗಳಾದವು, ಬಾಗಿಲ ಪರದೆ ಮಗಳು ಮಂಜರಿಯ ಲಂಗವಾಯಿತು. ಗಂಡ ಬದುಕಿದ್ದಾಗ ಸ್ನಾನಕ್ಕೆ ಹೋಗುವ ಮೊದಲು ಅಂಗಿಯನ್ನು ಅಡಗಿಸಿಡುತ್ತಿದ್ದ. ಇಲ್ಲದಿದ್ದರೆ ಹೊರಬರುವಷ್ಟರಲ್ಲಿ ಅದು ದಿಂಬಿನ ಚೀಲ. ಹೊಸ ಬಟ್ಟೆಯನ್ನು ಯಾರು ಬೇಕಾದರೂ ಹೊಲಿದಾರು, ಎಸೆಯಬೇಕೆಂದ ಬಟ್ಟೆಯನ್ನು ಮತ್ತೆ ಮೈಮೇಲೆ ಬರುವಂತೆ ಮಾಡಬೇಕು ಎಂಬುದು ಅವಳ ಜಂಬ. ಆ ಜಂಬ ಅವಳಿಗೆ ಒಪ್ಪುತ್ತಿತ್ತು ಕೂಡ.

ಅಂಥವಳಿಗೆ ಬೀಗಿತ್ತಿ ನೀಲಿಮಾಬಾಯಿ ಬೆಳಗಾವಿಯಿಂದ ಫೋನು ಮಾಡಿ ತಾಕೀತು ಮಾಡಿದಳು. ಮಂಜರಿ ಚೊಚ್ಚಲ ಹೆರಿಗೆಗೆಂದು ಪುಣೆಯ ಕಾತ್ರಜದ ತವರಿಗೆ ಬಂದಿಳಿದ ದಿನವದು.

“ಕೂಸು ಹುಟ್ಟೋತನಕ ಅದಕ್ಕಂತ ಒಂದ ಹೊಲಿಗೀನೂ ಹಾಕಬ್ಯಾಡ್ರಿ. ನಮ್ಮ ಮನ್ಯಾಗ ಆಗಿ ಬರೂದಿಲ್ಲ.”

“ಇಲ್ರಿ, ಹಾಕೂದಿಲ್ರಿ,” ಎಂದಳು ಇಂದೂಬಾಯಿ.

ಪಕ್ಕದಲ್ಲಿದ್ದ ಮಂಜರಿ ನಕ್ಕಳು. “ನಮ್ಮ ಅತ್ತಿಯವರದು ಏನರೆ ಒಂದ ಇದ್ದ ಇರತದ. ಡಾಕ್ಟರ್ ಹೇಳಿದ್ರ ಕೇಳೂಣು.” ಆ ನಗುವೇ ಇಂದೂಬಾಯಿಗೆ ಪರವಾನಗಿಯಾಯಿತು.

ಕೂಸಿಗೆ ಮೊದಲು ತೊಡಿಸುವುದು ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯನ್ನು. ಅವರ ಆಯುಷ್ಯ ಕೂಸಿಗೂ ಬರಲಿ ಎಂದು. ತೊಂಬತ್ತು ದಾಟಿ ಬದುಕಿದ ಮಾವನವರ ಧೋತರ ಪೆಟ್ಟಿಗೆಯಲ್ಲೇ ಇತ್ತು. ಅದನ್ನಿಟ್ಟುಕೊಂಡು ಕೈಕಟ್ಟಿ ಕೂರುವ ಹೆಂಗಸೇ ಅವಳು? ಮಂಜರಿ ಮಧ್ಯಾಹ್ನ ಮಲಗಿದಾಗ, ಮಷೀನಿನ ಸದ್ದಾದೀತೆಂದು ಕೈಯಲ್ಲೇ ಪುಟ್ಟ ಅಂಗಿ ಹೊಲಿದಳು. ಲಾಡಿಗೆಂದು ಕ್ಯಾಂಪಿನ ಪೇಟೆಯ ತನಕ ಹೋಗಿಬಂದಳು. ಅಷ್ಟು ಚಂದದ ಹೊಲಿಗೆ ಆ ಕೈಯಿಂದ ಹಿಂದೆಂದೂ ಬಿದ್ದಿರಲಿಲ್ಲ. ಹೆರಿಗೆಯ ದಿನ ಎಲ್ಲರೆದುರು ತೆಗೆಯೋಣವೆಂದು ಆಸ್ಪತ್ರೆಗೆ ಒಯ್ಯುವ ಚೀಲದ ತಳದಲ್ಲಿ ಮುಚ್ಚಿಟ್ಟಳು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಮಂಜರಿ, “ಅವ್ವಾ, ಕೂಸು ಮಿಸುಕಾಡವಲ್ದು,” ಎಂದಳು.

ಹೆಣ್ಣು ಕೂಸು ಸತ್ತೇ ಹುಟ್ಟಿತು. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇಂದೂಬಾಯಿಯ ಕಿವಿಗೆ ಬಿದ್ದದ್ದು ಗಂಟು ಎಂಬುದೊಂದೇ.

ಸಂಜೆಯ ಹೊತ್ತಿಗೆ ಅಳಿಯ ಅಮೋಘ ತಾಯಿ ನೀಲಿಮಾಬಾಯಿಯನ್ನು ಕರೆದುಕೊಂಡು ಬಂದ. ಕೂಸಿಗೆ ಬಟ್ಟೆ ತಂದಿದ್ದೀರಾ, ಇಲ್ಲವಾದರೆ ಆಸ್ಪತ್ರೆಯದರಲ್ಲೇ ಸುತ್ತಿಕೊಡುತ್ತೇನೆ, ಮಣ್ಣು ಮಾಡಿಬನ್ನಿ ಎಂದು ನರ್ಸು ಮರಾಠಿಯಲ್ಲಿ ಕೇಳಿದಳು. ಇಂದೂಬಾಯಿ ಅಂಗಿಯ ಮಾತೆತ್ತದೆ ಇದ್ದುಬಿಡಬಹುದಿತ್ತು, ಅವಳು ಸಾಯುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನರ್ಸಿನ ಕೈಯಲ್ಲಿದ್ದ ಹಸಿರು ಬಟ್ಟೆ ಗೋಣಿಯಷ್ಟು ಒರಟಾಗಿತ್ತು. ಚೀಲದ ತಳಕ್ಕೆ ಕೈಹಾಕಿ ಅಂಗಿ ತೆಗೆದಳು.

“ಇದನ್ನ ಯಾವಾಗ ಹೊಲದ್ರಿ?” ಎಂದಳು ನೀಲಿಮಾಬಾಯಿ. ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಅಳತೊಡಗಿದಳು.

ಇಂದೂಬಾಯಿ ನೋಡುತ್ತಿದ್ದದ್ದು ಮಗಳ ಮುಖವನ್ನು. ಓದಿದವಳು, ಇಂಥದನ್ನೆಲ್ಲ ನಂಬದವಳು. ‘ಇದರಿಂದೇನಲ್ಲ ಬಿಡವ್ವಾ’ ಎಂಬ ಒಂದು ಮಾತಿಗಾಗಿ ತಾಯಿ ಬಾಯಿಬಿಟ್ಟುಕೊಂಡು ಕಾದಳು.

ಮಂಜರಿ ಅಂಗಿಯನ್ನು ಕೂಸಿನ ಮೇಲಿಟ್ಟು ನೋಡಿದಳು. ತಿಂಗಳು ತುಂಬದ ಕೂಸು.

“ದೊಡ್ಡದಾತು,” ಎಂದಳು. “ಸಣ್ಣ ಮಾಡಿ ಕೊಡು.”

ಇಂದೂಬಾಯಿ ಕಿಟಕಿಯ ಬಳಿ ಕೂತು ಸೂಜಿ ಪೋಣಿಸಿದಳು. ಮಕ್ಕಳು ಬೆಳೆಯುತ್ತವೆಂದು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ಅವಳ ರೂಢಿ. ಬಿಚ್ಚಿ ದೊಡ್ಡದು ಮಾಡಿದ ಅಂಗಿಗಳು ಎಷ್ಟೋ. ಸಣ್ಣದು ಮಾಡಿದ್ದು ಇದೇ ಮೊದಲು. ಈಗಲೂ ಆ ಕೈಯಿಂದ ಹೊಲಿಗೆ ನೆಟ್ಟಗೇ ಬಿತ್ತು. ಆ ಕೈಯನ್ನು ಕಂಡು ಅವಳಿಗೇ ಹೇಸಿಗೆಯಾಯಿತು.

ಮಂಜರಿ ತಾನೇ ಅಂಗಿ ತೊಡಿಸಿ ಲಾಡಿ ಕಟ್ಟಿದಳು. ಅಮೋಘ ಕೂಸನ್ನು ಎತ್ತಿಕೊಂಡು ಹೋದ ಮೇಲೆ ತಾಯಿಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅವ್ವಾ, ಇನ್ನ ಮ್ಯಾಲೆ ನನಗಂತ ಏನೂ ಹೊಲೀಬ್ಯಾಡ.”

“ಹೂಂ,” ಎಂದಳು ಇಂದೂಬಾಯಿ. ಆಮೇಲೆ ಅವಳು ಯಾರಿಗೂ ಏನನ್ನೂ ಹೊಲಿಯಲಿಲ್ಲ.