ಹಳದಿ ಗೆರೆ ದಾಟಿದವರು

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸನ್ನು ಟೀಚರ್ ಮಾಡಬಾರದಿತ್ತು ಎಂದು ನಾಲ್ಕು ಕಾರ್ಖಾನೆಯ ಧಣಿಗಳಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಆ ನಾಲ್ವರದು ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಕೆಲಸ ಬಲ್ಲವರು ಸಿಗದೆ ನಾಲ್ಕೂ ಕಡೆ ಯಂತ್ರಗಳು ಧೂಳು ತಿನ್ನತೊಡಗಿದಾಗ, ಬೇರೆ ದಾರಿ ಕಾಣದೆ ಒಟ್ಟಾಗಿ ಹಳೇ ಗೋದಾಮಿನಲ್ಲೊಂದು ತರಬೇತಿ ಕೇಂದ್ರ ತೆರೆದರು. ಒಬ್ಬರು ಲೇತ್ ಕೊಟ್ಟರು, ಇನ್ನೊಬ್ಬರು ಮಿಲ್ಲಿಂಗ್, ಮತ್ತೊಬ್ಬರು ಗ್ರೈಂಡಿಂಗ್, ಕೊನೆಯವರು ಡ್ರಿಲ್ಲಿಂಗ್ ಯಂತ್ರ. ಕೊಟ್ಟ ಮರುದಿನವೇ ತಮ್ಮ ತಮ್ಮ ಯಂತ್ರದ ಸುತ್ತ ನೆಲಕ್ಕೆ ಹಳದಿ ಗೆರೆ ಬಳಿಸಿದರು. ಹನ್ನೆರಡು ಹುಡುಗಿಯರು, ಗೆರೆಗೆ ಮೂವರು. ನನ್ನ ಮೂವರು ನನ್ನ ಯಂತ್ರ ಮಾತ್ರ ಕಲಿಯಲಿ, ಎಲ್ಲಾ ಕಲಿತರೆ ಪಕ್ಕದವನು ಹಾರಿಸಿಕೊಂಡು ಹೋಗುತ್ತಾನೆ. ನಾಲ್ವರೂ ಜಗಳವಿಲ್ಲದೆ ಒಪ್ಪಿದ್ದು ಈ ಒಂದೇ ಮಾತನ್ನು.

ಕಲಿಸುವವಳನ್ನು ಎಲ್ಲರೂ ಡ್ರಿಲ್ಲಕ್ಕ ಎನ್ನುತ್ತಿದ್ದರು. ಹಿಂದೆ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಅಳತೆಯ ತೂತು ಕೊರೆದವಳು. ಕಾರ್ಖಾನೆ ಮುಚ್ಚಿದ ದಿನ ಅವಳಿಗೆ ತಿಳಿಯಿತು, ಆ ತೂತು ಬೇಕಾದವರು ಲೋಕದಲ್ಲಿ ಬೇರೆ ಯಾರೂ ಇಲ್ಲವೆಂದು. ಆ ಅವಮಾನ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತ್ತು. ಆಮೇಲೆ ಆರು ವರ್ಷ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಕಸ ಗುಡಿಸುತ್ತಾ, ಬೈಸಿಕೊಳ್ಳುತ್ತಾ ಉಳಿದ ಮೂರೂ ಯಂತ್ರ ಕಲಿತಳು. ಕಲಿತಿದ್ದಾಳೆ ಎಂದು ಒಂದು ಕಾಗದ ಮಾತ್ರ ಯಾರೂ ಬರೆದುಕೊಡಲಿಲ್ಲ.

ಹಾಗಾಗಿ ಹಳದಿ ಗೆರೆಗೆ ಅವಳು ಸೊಪ್ಪು ಹಾಕಲಿಲ್ಲ. ಧಣಿಗಳು ಬಂದಾಗ ಹುಡುಗಿಯರು ಮೂವರು ಮೂವರಾಗಿ ಗೆರೆಯೊಳಗೆ ನಿಲ್ಲುತ್ತಿದ್ದರು. ಕಾರು ಗೇಟು ದಾಟಿದ ತಕ್ಷಣ ಡ್ರಿಲ್ಲಕ್ಕನ ಸೀಟಿ ಕೇಳಿಸುತ್ತಿತ್ತು, ಎಲ್ಲರೂ ಗೆರೆ ದಾಟಿ ಮುಂದಿನ ಯಂತ್ರಕ್ಕೆ ಹೋಗುತ್ತಿದ್ದರು. ಅವಳ ತಂಗಿಯ ಮಗಳೂ ಆ ಗುಂಪಿನಲ್ಲಿದ್ದಳು.

"ಸಿಕ್ಕಿಬಿದ್ರೆ ಏನ್ ಮಾಡೋದು ದೊಡ್ಡಮ್ಮಾ?"

"ಬೈತಾರೆ, ಬೈಸ್ಕೊಳ್ಳೋಣ. ಕಲಿತದ್ದನ್ನ ತಲೆಯಿಂದ ಕಿತ್ಕೊಳ್ಳೋಕಾಗುತ್ತಾ?"

ಕೊನೆಯ ದಿನ ಧಣಿಗಳು ಬಂದು ಕುರ್ಚಿ ಹಿಡಿದರು. ಲೇತ್ ಧಣಿಯೇ ನಾಲ್ವರ ಒಕ್ಕೂಟದ ಅಧ್ಯಕ್ಷರು. ಅವರ ಮುಂದೆ ಪ್ರಮಾಣಪತ್ರಗಳ ಕಟ್ಟು, ಪಕ್ಕದಲ್ಲಿ ಮುದ್ರೆ. ಪ್ರತಿ ಪತ್ರದಲ್ಲೂ ಅಚ್ಚಾಗಿದ್ದದ್ದು ಒಂದೇ ಯಂತ್ರದ ಹೆಸರು. ಡ್ರಿಲ್ಲಕ್ಕ ಸಹಿ ಹಾಕಬೇಕಿತ್ತು. ಅವಳು ಹನ್ನೆರಡರಲ್ಲೂ ಉಳಿದ ಮೂರು ಯಂತ್ರಗಳ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಆಮೇಲೆ ಸಹಿ ಹಾಕಿದಳು.

"ಏನಮ್ಮಾ ಇದು?" ಅಧ್ಯಕ್ಷರ ಮುಖ ಕೆಂಪಾಯಿತು.

"ಇದ್ದದ್ದನ್ನೇ ಬರೆದಿದ್ದೀನಿ ಸರ್. ನೋಡಿ ಬೇಕಾದ್ರೆ."

ತಂಗಿಯ ಮಗಳು ಒಂದು ಕಬ್ಬಿಣದ ತುಂಡು ಹಿಡಿದು ನಾಲ್ಕೂ ಗೆರೆ ದಾಟಿ ಬಂದಳು. ಲೇತ್‌ನಲ್ಲಿ ದುಂಡಗೆ ಮಾಡಿದಳು, ಮಿಲ್ಲಿಂಗ್‌ನಲ್ಲಿ ಒಂದು ಬದಿ ಚಪ್ಪಟೆ ಮಾಡಿದಳು, ತೂತು ಕೊರೆದಳು, ಗ್ರೈಂಡಿಂಗ್‌ನಲ್ಲಿ ನುಣುಪು ಮಾಡಿದಳು. ಅಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗ್ರೈಂಡಿಂಗ್ ಧಣಿ ಮೈಮರೆತು "ಭೇಷ್" ಎಂದುಬಿಟ್ಟರು. ಉಳಿದ ಮೂವರು ಅವರನ್ನು ದುರುಗುಟ್ಟಿ ನೋಡಿದರು.

"ನಾಳೆ ಇವರೆಲ್ಲ ನಮಗೆ ಕೈಕೊಟ್ಟು ಅವನ ಹತ್ರ ಹೋದ್ರೆ?" ಅಧ್ಯಕ್ಷರ ಬೆರಳು ಮಿಲ್ಲಿಂಗ್ ಧಣಿಯ ಕಡೆ ತಿರುಗಿತು.

"ಹೋಗದ ಹಾಗೆ ಚೆನ್ನಾಗಿ ನೋಡ್ಕೊಳ್ಳಿ ಸರ್. ಬಣ್ಣ ಬಳಿದು ಎಷ್ಟು ದಿನ ಹಿಡಿದಿಡ್ತೀರಿ?"

"ನಾನು ಮುದ್ರೆ ಒತ್ತಲ್ಲ. ಸೋಮವಾರದಿಂದ ನೀನೂ ಬರಬೇಡ!"

ಡ್ರಿಲ್ಲಕ್ಕನ ತಲೆ ತಗ್ಗಲಿಲ್ಲ. ಅಷ್ಟರಲ್ಲಿ ತಂಗಿಯ ಮಗಳು, ಸೋಮವಾರ ಕಾರ್ಖಾನೆಗೆ ಸೇರಲು ಧಣಿ ಕೊಟ್ಟಿದ್ದ ನೇಮಕದ ಪತ್ರವನ್ನು ಮೇಜಿನ ಮೇಲಿಟ್ಟಳು. "ಮುದ್ರೆ ಇಲ್ಲ ಅಂದ್ರೆ ಸೋಮವಾರ ನಾವೂ ಬರಲ್ಲ ಸರ್."

ಅದರ ಮೇಲೆ ಇನ್ನೊಂದು ಪತ್ರ ಬಿತ್ತು. ಹೀಗೆ ಹನ್ನೆರಡೂ ಬಿದ್ದವು. ಧಣಿಗಳು ಮುಖಮುಖ ನೋಡಿಕೊಂಡರು. ಸೋಮವಾರ ಯಂತ್ರ ತಿರುಗದಿದ್ದರೆ ನಾಲ್ವರೂ ಒಟ್ಟಿಗೇ ಮುಳುಗುವವರು. ಅಧ್ಯಕ್ಷರು ಹಲ್ಲು ಕಡಿಯುತ್ತಲೇ ಹನ್ನೆರಡು ಸಲ ಮುದ್ರೆ ಒತ್ತಿದರು.

"ಇನ್ನೊಂದಿದೆ ಸರ್," ಎಂದು ಹುಡುಗಿ ಚೀಲದಿಂದ ಒಂದು ಪ್ರಮಾಣಪತ್ರ ತೆಗೆದಳು. ಅದರಲ್ಲಿದ್ದದ್ದು ಡ್ರಿಲ್ಲಕ್ಕನ ಹೆಸರು. ಟೀಚರ್ ಸಹಿಯ ಸಣ್ಣ ಜಾಗದಲ್ಲಿ ಹನ್ನೆರಡು ಸಹಿಗಳು ಒತ್ತೊತ್ತಾಗಿ ಕೂತಿದ್ದವು.

ಅಧ್ಯಕ್ಷರು ಆ ಪತ್ರವನ್ನು ನೋಡಿದರು, ಕೈಕಟ್ಟಿ ನಿಂತ ಹುಡುಗಿಯರನ್ನು ನೋಡಿದರು, ಅದಕ್ಕೂ ಮುದ್ರೆ ಒತ್ತಿದರು.

ಅಷ್ಟು ಹೊತ್ತು ಯಾರಿಗೂ ಬಗ್ಗದವಳ ಕಣ್ಣು ಆಗ ತುಂಬಿ ಬಂತು. ಕೆಲಸವೇನೋ ಹೋಗಿತ್ತು, ಆದರೆ ಕಾಗದ ಕೈಗೆ ಬಂದಿತ್ತು. ಡ್ರಿಲ್ಲಕ್ಕ ಕಾಗದವನ್ನು ಬೆಳಕಿಗೆ ಹಿಡಿದು ನಾಲ್ಕು ಯಂತ್ರಗಳ ಹೆಸರನ್ನೂ ಧಣಿಗಳಿಗೆ ಕೇಳುವಂತೆ ಒಂದೊಂದಾಗಿ ಓದಿದಳು. ಡ್ರಿಲ್ಲಿಂಗ್ ಎಲ್ಲಕ್ಕಿಂತ ಕೊನೆಯಲ್ಲಿತ್ತು.