ಅಟ್ಟಕ್ಕೆ ಹೊಡೆದ ಟಾರ್ಪಾಲು

ಹೊನ್ನವಳ್ಳಿ ಕೆರೆಯ ಹಕ್ಕಿಗಳ ವಿಡಿಯೊ ಮಾಡುತ್ತೇನೆಂದು ರೇಣುಕಪ್ರಸಾದ್ ಮನೆಗೆ ಕಂಪ್ಯೂಟರ್ ತಂದಾಗ ಹೆಂಡತಿ ಗಾನವಿ ಬೇಡ ಅನ್ನಲಿಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ, ಇದೊಂದು ಹುಚ್ಚು ಇರಲಿ ಅಂದುಕೊಂಡಳು. ಆದರೆ ಆ ಪೆಟ್ಟಿಗೆ ನೆಂಟರಿಷ್ಟರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡೇ ಬಂದಿತ್ತು. ವಿಡಿಯೊ ಓಡಲು ಬೇರೆ ಕಾರ್ಡು ಬೇಕಾಯಿತು. ಆ ಕಾರ್ಡಿಗೆ ಹಳೇ ಪವರ್ ಸಪ್ಲೈ ಸಾಲದಾಯಿತು. ಸುತ್ತಲಿನ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಶುರುವಾದರೆ ಕರೆಂಟು ಕುಸಿಯುತ್ತಿತ್ತು, ಅದಕ್ಕೊಂದು ಯುಪಿಎಸ್ ಬಂತು. ಒಂದು ತಿಂಗಳ ಹಕ್ಕಿಗಳಿಗೇ ಹಾರ್ಡ್‌ಡಿಸ್ಕ್ ತುಂಬಿಹೋಯಿತು.

"ಇದೊಂದು ಬಂದ್ರೆ ಮುಗೀತು ಕಣೇ," ಎನ್ನುತ್ತಿದ್ದ ಪ್ರತಿ ಸಲ.

"ಹೋದ ಸಲಾನೂ ಮುಗಿದಿತ್ತಲ್ಲ."

"ನಿನ್ನ ಕಾಯಿಗೆ ಕೈ ಹಾಕಿದೀನಾ? ಹೇಳು."

ಹಾಕಿರಲಿಲ್ಲ. ಅಟ್ಟದ ಮೇಲಿದ್ದ ಕಾಯಿ ಗಾನವಿಯವು, ತವರಿನವರು ಅವಳಿಗೆಂದು ಬಿಟ್ಟುಕೊಟ್ಟ ಒಂದು ಸಾಲು ತೆಂಗಿನ ಮರದವು. ಹನ್ನೊಂದು ತಿಂಗಳು ಒಣಗಿ ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾದ ಮೇಲೆ ಮಾರಿ, ಮದುವೆಗೆಂದು ನಿಂತುಹೋದ ಬಿ.ಎಡ್. ಓದಿಗೆ ಫೀಸು ಕಟ್ಟುವುದು ಅವಳ ಲೆಕ್ಕ.

ಕಂಪ್ಯೂಟರ್ ಇದ್ದದ್ದು ಆ ಅಟ್ಟದ ಕೆಳಗಿನ ಕೋಣೆಯಲ್ಲೇ. ಎರಡೇ ತಿಂಗಳಿಗೆ ಅದರ ಫ್ಯಾನುಗಳು ಕಿರುಗುಟ್ಟಿದವು. ಬಿಚ್ಚಿ ನೋಡಿದರೆ ಒಳಗೆಲ್ಲ ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳ ಸಂದಿನಿಂದ ಉದುರಿದ ನಾರಿನ ದೂಳು. ಅವನು ನೀಲಿ ಟಾರ್ಪಾಲು ತಂದು, ಒಂದು ಸಂದೂ ಕಾಣದ ಹಾಗೆ ಕೆಳಗಿನಿಂದ ಮೊಳೆ ಹೊಡೆದ. ಹೊರಗಿನ ಸದ್ದು ಬಾರದಿರಲೆಂದು ಗವಾಕ್ಷಿಗೂ ಫೋಮು ತುರುಕಿದ. ಕಾಯಿಗೆ ಗಾಳಿ ಬೇಕೆನ್ನುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಅವನು ಹತ್ತಿದ ಸ್ಟೂಲು ಅಲುಗದಂತೆ ಹಿಡಿದುಕೊಂಡವಳು ಗಾನವಿಯೇ. ಇನ್ನೊಂದು ಖರ್ಚು ತಪ್ಪಿದರೆ ಸಾಕಾಗಿತ್ತು ಅವಳಿಗೆ.

"ಹೆಂಚಿನ ಸಂದೀಲಿ ಗಾಳಿ ಆಡುತ್ತೆ ಬುಡು," ಅಂದ. ನಂಬಿದಳು.

ಆ ಹನ್ನೊಂದು ತಿಂಗಳು ತುಂಬಿದ ಮೇಲೆ ಕಾಯಿ ಒಡೆಯಲು ಹುಚ್ಚರಂಗಯ್ಯ ಬಂದ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಒಳಗೆ ಲೊಡಲೊಡ ಅನ್ನಬೇಕಾದ ಕೊಬ್ಬರಿ ಅನ್ನಲಿಲ್ಲ. ಒಡೆದ. ಕಪ್ಪು ಬೂಷ್ಟು. ಇನ್ನೊಂದು ಒಡೆದ, ಮತ್ತೊಂದು ಒಡೆದ. ಅಂಗಳವೆಲ್ಲ ಮುಗ್ಗಲು ವಾಸನೆ.

"ಇದು ತಿಪಟೂರು ಮಾರ್ಕೆಟ್ಟಿಗೆ ಹೋಗೋ ಮಾಲಲ್ಲ ಕಣವ್ವ. ಎಣ್ಣೆ ಮಿಲ್ಲಿನೋರು ತಗಬೈದು, ಅವ್ರೂ ಮೂಗು ಮುಚ್ಕಂಡು."

ಗಾನವಿ ಗಂಡನ ಕಡೆ ತಿರುಗಿದಳು. "ಫೀಸು ಕಟ್ಟೋಕೆ ಶನಿವಾರ ಕೊನೆ ದಿನ."

"ಬರೋ ವರ್ಷ ಕಟ್ಟಿದ್ರಾಯ್ತು."

"ಆ ಪೆಟ್ಟಿಗೆ ಮಾರಿ."

"ತಂದ ದಿನವೇ ಹಳೇದಾಗೋ ಸಾಮಾನು ಕಣೇ ಅದು. ಕಾಲು ಭಾಗ ಬಂದ್ರೆ ಹೆಚ್ಚು."

"ಕಾಲು ಭಾಗಕ್ಕೇ ಮಾರಿ. ನನ್ನ ಫೀಸಿಗೆ ಅಷ್ಟೇ ಸಾಕು."

ಗಂಡ ಹುಚ್ಚರಂಗಯ್ಯನ ಮುಖ ನೋಡಿದ. ಆತ ಮಚ್ಚಿನ ಅಲಗು ಒರೆಸಿಕೊಳ್ಳುತ್ತಿದ್ದ.

"ಹೊಸ ಡಿಸ್ಕಿಗೆ ಮುಂಗಡ ಕೊಟ್ಟುಬಿಟ್ಟಿದೀನಿ," ಎಂದು ರೇಣುಕಪ್ರಸಾದ್ ಮೆಲ್ಲಗೆ ಹೇಳಿ ಒಳಗೆ ಹೋದ.

"ಒಡೀರಿ ರಂಗಣ್ಣ," ಎಂದಳು ಗಾನವಿ. "ಮಿಲ್ಲಿಗಾದ್ರೂ ಆಗೋದು ಎಷ್ಟಿದೆ ನೋಡಾನ."

ಮಧ್ಯಾಹ್ನ ಹುಚ್ಚರಂಗಯ್ಯನಿಗೆ ಮುದ್ದೆ ಬಡಿಸಿದಳು, ತಾನೂ ಉಂಡಳು. ಕೋಣೆಯ ಬಾಗಿಲು ತಟ್ಟಿ ಗಂಡನನ್ನು ಕರೆಯಲಿಲ್ಲ.