ಹೂವು: ವಿಶ್ವನಾಥ್

ಆಗಿನ್ನೂ ನಾನು ಕಾಫಿ ಗಿಡವನ್ನು ಹತ್ತಿರದಿಂದ ನೋಡಿದವನಲ್ಲ. ಚಿಕ್ಕಮಗಳೂರಿನಲ್ಲೇ ಹುಟ್ಟಿ ಬೆಳೆದವನು ಹೀಗೆ ಹೇಳಿದರೆ ನಗು ಬರುತ್ತದೆ, ನಕ್ಕುಬಿಡಿ. ನಮ್ಮದು ಬಟ್ಟೆ ಅಂಗಡಿಯ ಮನೆತನ. ಕಾಫಿ ನಮ್ಮ ಮನೆಗೆ ಪುಡಿಯಾಗಿಯೇ ಬರುತ್ತಿತ್ತು.

2002ರಲ್ಲಿ ನಾನು ಪೇಟೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದೆ. ಮದುವೆ ಕಾರ್ಡೇ ಹೆಚ್ಚು. ವಸ್ತಾರೆಯ ಬೆಳೆಗಾರ ರೇವಣ್ಣನವರ ಮಗಳು ಭುವನಾಳನ್ನು ಮದುವೆಯಾಗುವ ಆಸೆ ನನಗಿತ್ತು, ಅವಳಿಗೂ ಒಪ್ಪಿಗೆಯಿತ್ತು. ಅವಳಪ್ಪನಿಗೆ ಇರಲಿಲ್ಲ. "ಆ ಹುಡ್ಗ ಬೇರೆಯವ್ರದ್ದನ್ನ ಇಲ್ಲಿಂದ ತೆಗ್ದು ಅಲ್ಲಿಗೆ ಅಂಟಿಸ್ತಾನೆ ಅಷ್ಟೆ. ಸ್ವಂತದ್ದು ಅಂತ ಏನು ಮಾಡಿದಾನೆ?" ಎಂದಿದ್ದರಂತೆ. ಮಾತು ನಿಜವಾಗಿದ್ದರಿಂದಲೇ ನನಗೆ ಬಹಳ ಸಿಟ್ಟು ಬಂತು.

ಆ ವರ್ಷ ವಸ್ತಾರೆ ಬೆಳೆಗಾರರ ಬಳಗದ ಕ್ಯಾಲೆಂಡರ್ ಕೆಲಸ ನನಗೆ ಸಿಕ್ಕಿತು. ರೇವಣ್ಣನವರ ಗೋಡೆಯ ಮೇಲೆ ಹನ್ನೆರಡು ತಿಂಗಳು ನನ್ನ ಹೆಸರು ನೇತಾಡುವ ಅವಕಾಶ. ಪಕ್ಕದ ಸ್ಟುಡಿಯೋದ ಗಿರಿಜಾಂಬಾ ತಾವು ಬಾಳೂರಿನಲ್ಲಿ ತೆಗೆದ ಫೋಟೋವೊಂದನ್ನು ಲ್ಯಾಮಿನೇಷನ್ನಿಗೆಂದು ನನ್ನಲ್ಲಿ ಕೊಟ್ಟಿದ್ದರು. ಕೆಂಪಗೆ ಹಣ್ಣು ತುಂಬಿದ ಕೊಂಬೆ, ಅದರತ್ತ ಚಾಚಿದ ಒಂದು ಕೈ. ಕೇಳಿದ್ದರೆ ಕೊಡುತ್ತಿದ್ದರು. ಕೇಳಿದರೆ ಅವರ ಹೆಸರು ಹಾಕಬೇಕಾಗುತ್ತಿತ್ತು. ಹಾಗಾಗಿ ಕೇಳದೆಯೇ ಸ್ಕ್ಯಾನ್ ಮಾಡಿದೆ.

ಫೋಟೋದ ಮೂಲೆಯಲ್ಲಿ ಬಿಳಿ ಇಂಕಿನ ರುಜು ಇತ್ತು, ಹಟಮಾರಿ ಹೆಂಗಸಿನ ರುಜು. ಕಂಪ್ಯೂಟರಿನಲ್ಲಿ ಒರೆಸಿದಷ್ಟೂ ಎಲೆಗಳ ಮೇಲೆ ಕಲೆ ಉಳಿಯಿತು. ಕೊನೆಗೆ ಮದುವೆ ಕಾರ್ಡಿನ ಬಿಳಿ ಹೂಗಳನ್ನು ತಂದು ಅಲ್ಲೊಂದು ಗೊಂಚಲು ಕೂರಿಸಿದೆ. ಕಾಫಿ ಹೂವು ಬೆಳ್ಳಗಿರುತ್ತದೆಂದು ಕೇಳಿ ಗೊತ್ತಿತ್ತು. ಕೆಳಗೆ 'ಛಾಯಾಚಿತ್ರ, ವಿನ್ಯಾಸ: ವಿಶ್ವನಾಥ್' ಎಂದು ಹಾಕಿ ನಾಲ್ಕು ಸಲ ಓದಿಕೊಂಡೆ. ನಾಚಿಕೆಯೇನೂ ಆಗಲಿಲ್ಲ, ಸುಳ್ಳೇಕೆ ಹೇಳಲಿ.

ಜನವರಿ ಎರಡರಂದು ರೇವಣ್ಣನವರು ಕ್ಯಾಲೆಂಡರ್ ಸುರುಳಿ ಹಿಡಿದು ಅಂಗಡಿಗೇ ಬಂದರು.

"ಫೋಟೋ ನೀನೇ ತೆಗ್ದಿದ್ದಾ?"

"ಹೌದು. ಬಾಳೂರಲ್ಲಿ."

"ಹಂಗಾದ್ರೆ ಜೀಪ್ ಹತ್ತು ಮಾರಾಯ, ಆ ಗಿಡ ತೋರ್ಸು. ನಮ್ಮಲ್ಲಿ ಹೂವಾಗೋದು ಮಾರ್ಚಿನ ಮಳೆಗೆ, ಹಣ್ಣಾಗೋದು ಡಿಸೆಂಬರಿಗೆ. ಅಕಾಲ ಮಳೆ ಬಂದ್ರೆ ಅಲ್ಲೊಂದು ಇಲ್ಲೊಂದು ಹೂ ಬಿಟ್ಟೀತು. ನಿನ್ ಗಿಡದಲ್ಲಿ ಹಣ್ಣಿನ ಪಕ್ಕ ಗೊಂಚಲೇ ಇದೆ. ಒಂದು ಸಸಿ ಸಿಕ್ರೆ ನಾವೆಲ್ಲ ಉದ್ಧಾರ ಆಗ್ತೀವಿ."

ಮುಖದಲ್ಲಿ ನಗುವಿನ ಸುಳಿವಿಲ್ಲ. ಹೊರಗೆ ಜೀಪಿನಲ್ಲಿ ಇನ್ನೂ ಮೂವರು ಬೆಳೆಗಾರರು ನನಗೆ ಜಾಗ ಬಿಟ್ಟು ಕುಳಿತಿದ್ದರು. ಯಾರೂ ನನ್ನನ್ನು ಕಳ್ಳ ಎಂದಿರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

"ಫೋಟೋ ಗಿರಿಜಾಂಬಾ ಅವ್ರದ್ದು," ಎಂದೆ. "ಹೂವು ಮಾತ್ರ ನಂದು."

ರೇವಣ್ಣನವರು ನನ್ನನ್ನು ಪಕ್ಕದ ಸ್ಟುಡಿಯೋಗೆ ಕರೆದೊಯ್ದರು. ಗಿರಿಜಾಂಬಾ ಕನ್ನಡಕ ಏರಿಸಿ ಕ್ಯಾಲೆಂಡರ್ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಚೀಟಿ ಅಚ್ಚು ಹಾಕ್ಸು," ಎಂದರು. "'ಛಾಯಾಚಿತ್ರ: ಗಿರಿಜಾಂಬಾ. ಹೂವು: ವಿಶ್ವನಾಥ್.' ಕ್ಯಾಲೆಂಡರ್ ಹೋದ ಮನೆಗೆಲ್ಲ ನೀನೇ ಹೋಗಿ ಅಂಟಿಸ್ಬೇಕು. ಯಾರ್ದು ಎಷ್ಟೋ ಅಷ್ಟಕ್ಕೆ ಹೆಸ್ರು."

ಅಂಟಿಸುವುದು ನನಗೆ ಬರುವ ವಿದ್ಯೆ ತಾನೇ. ಗೋಂದಿನ ಬಾಟಲಿ ಹಿಡಿದು ಆರು ದಿನದಲ್ಲಿ ಎಪ್ಪತ್ತೇಳು ಮನೆ ಸುತ್ತಿದೆ. ಮುಂದಿನ ಮನೆ ಮುಟ್ಟುವ ಮೊದಲೇ ಹೂವಿನ ವಿಶ್ವನಾಥ್ ಬರುತ್ತಿದ್ದಾನೆಂಬ ಸುದ್ದಿ ಮುಟ್ಟಿರುತ್ತಿತ್ತು. ವಸಂತಮ್ಮ ಎಂಬ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು, ಒಂದು ಕಾಫಿ ಕೊಂಬೆ ಬಗ್ಗಿಸಿ, "ನೋಡ್ಕೊಳ್ಳಪ್ಪ, ಹಿಂಗಿರುತ್ತೆ," ಎಂದರು.

ಕೊನೆಗೆ ಉಳಿದದ್ದು ರೇವಣ್ಣನವರ ಮನೆಯೊಂದೇ. ಭುವನಾ ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಚೀಟಿಗೆ ಗೋಂದು ಹಚ್ಚಿ ಗೋಡೆಯ ಹತ್ತಿರ ಹೋದವನು ಹಾಗೇ ನಿಂತುಬಿಟ್ಟೆ. ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ಎಂದಿಗೂ ತಿಳಿಯುವಂಥದ್ದಲ್ಲ. ಆದರೆ ಆ ಗೋಡೆಯ ಮೇಲೆ ಇನ್ನೊಂದು ಸುಳ್ಳು ಅಂಟಿಸಲು ನನಗೆ ಕೈ ಬರಲಿಲ್ಲ.

"ಹೂವೂ ನಂದಲ್ಲ," ಎಂದೆ. "ಮದ್ವೆ ಕಾರ್ಡಿನ ಸಿ.ಡಿ.ಲಿ ಇದ್ದಿದ್ದು. ಯಾರು ಬರೆದಿದ್ದೋ ಗೊತ್ತಿಲ್ಲ."

ರೇವಣ್ಣನವರು ನನ್ನ ಕೈಯಿಂದ ಆ ಚೀಟಿಯನ್ನು ತೆಗೆದುಕೊಂಡರು.

"ಇಲ್ಲೀತನಕ ಎಲ್ಲ ನಾವೇ ಹಿಡ್ದಿದ್ದು," ಎಂದರು. "ಇದೊಂದು ನೀನಾಗೇ ಹೇಳ್ದೆ. ಇದು ನಿನ್ ಸ್ವಂತದ್ದು. ಕೂತ್ಕೋ. ಭುವನಾ, ಕಾಫಿ ತಗೊಂಡು ಬಾ."

ಲೋಟ ಕೈಗಿಡುತ್ತಾ ಭುವನಾ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಆ ಎಪ್ಪತ್ತೇಳು ಮನೇಲಿ ಚೀಟಿ ತಪ್ಪಾಯ್ತಲ್ಲ?"

ನಾನು ಗೋಂದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಉಳಿದಿತ್ತು.